ಕೀಲೆಣ್ಣೆ ಕುಡಿದ ಗಾಡಿ

ಬುರ್ಗೋಸ್ ಪಟ್ಟಣದ ಆಚೆಯ ಪೈನ್ ಕಾಡಿನ ಊರುಗಳಲ್ಲಿ ಗಾಡಿಗಳು ಕೂಗುತ್ತವೆ. ಕೂಗಲೇಬೇಕು. ಕೂಗದ ಗಾಡಿಯನ್ನು ನಮ್ಮ ಕಡೆ ಗಾಡಿ ಎನ್ನುವುದಿಲ್ಲ, ಚಟ್ಟ ಎನ್ನುತ್ತಾರೆ. ಗಾಲಿಯ ಜೊತೆಗೆ ಅಚ್ಚೂ ತಿರುಗುವ ಹಾಗೆ ಪೂರಾ ಮರದಲ್ಲಿ ಮಾಡಿದ ಗಾಡಿಗಳವು. ಮರಕ್ಕೆ ಮರ ಉಜ್ಜಿ ಹೊರಡುವ ದನಿ ಒಂದು ಕಣಿವೆ ದಾಟಿ ಇನ್ನೊಂದಕ್ಕೆ ಕೇಳುತ್ತದೆ. ಕಿರುದಾರಿಯಲ್ಲಿ ಎದುರಿಗೆ ಬರುವ ಗಾಡಿಯವನು ಅದನ್ನು ಕೇಳಿ ಅಗಲ ಇರುವಲ್ಲಿ ನಿಲ್ಲುತ್ತಾನೆ, ತೋಳಗಳು ದೂರ ಸರಿಯುತ್ತವೆ. ಪಟ್ಟಣದವರು ಮಾತ್ರ ಕಿವಿ ಮುಚ್ಚಿಕೊಂಡು ಶಾಪ ಹಾಕುತ್ತಾರೆ. ಹಾಕಲಿ. ಅವರ ಮನೆಯ ತೊಲೆ, ಅವರ ಚರ್ಚಿನ ಬಾಗಿಲು, ಅವರು ಉಣ್ಣಲು ಕೂರುವ ಬೆಂಚು ಎಲ್ಲವೂ ಆ ಕೂಗಿನ ಜೊತೆಯಲ್ಲೇ ಬೆಟ್ಟ ಇಳಿದು ಬಂದದ್ದು.

ಒಂದೊಂದು ಗಾಡಿಗೂ ಒಂದೊಂದು ದನಿ. ತೋರಿಬಿಯಾಳ ಗಂಡ ಬೆರ್ಮೂದೊ ತನ್ನ ಗಾಡಿಯ ಅಚ್ಚನ್ನು ಇಡೀ ಚಳಿಗಾಲ ಕೂತು ಕೆತ್ತಿದ. ಕೆತ್ತುವುದು, ಎತ್ತು ಹೂಡುವುದು, ಊರ ಏರಿನವರೆಗೆ ಹೊಡೆದುಕೊಂಡು ಹೋಗಿ ಕಿವಿಗೊಟ್ಟು ಕೇಳುವುದು, ತಲೆ ಅಲ್ಲಾಡಿಸಿಕೊಂಡು ವಾಪಸು ಬಂದು ಮತ್ತೆ ಕೂದಲೆಳೆಯಷ್ಟು ಹೆರೆಯುವುದು, ಇದೇ ಕೆಲಸ. "ಗಾಡಿ ಮಾಡ್ತಿದೀಯೋ, ಕೊಳಲು ಮಾಡ್ತಿದೀಯೋ?" ಎಂದು ತೋರಿಬಿಯಾ ರೇಗಿಸುವಳು. "ನೀನು ಬೈದಾಗ ಶುರುವಿನಲ್ಲಿ ಗೊಣಗಿ ಆಮೇಲೆ ಏರ್ತೀಯಲ್ಲ, ಹಾಗಿರಬೇಕು ಕಣೇ ಇದು," ಎನ್ನುವನು ಅವನು. ಕೊನೆಗೆ ಸಿಕ್ಕ ದನಿ ಹಾಗೆಯೇ ಇತ್ತು. ಸಮನೆಲದಲ್ಲಿ ಗೊಣಗು, ಏರಿನಲ್ಲಿ ಮೇಲೆ ಮೇಲೆ ಹತ್ತಿ ನೆತ್ತಿಯಲ್ಲಿ ಎಳೆದು ನಿಲ್ಲುವ ಕೂಗು. ಗಲಾನ್, ಕಸ್ತಾನೊ ಎಂಬ ಅವನ ಜೋಡೆತ್ತುಗಳು ಆ ದನಿಗೇ ಹೆಜ್ಜೆ ಹಾಕುವುದನ್ನು ಕಲಿತವು.

ಮರುವರ್ಷ ಬೆರ್ಮೂದೊ ಕಡಿಯುತ್ತಿದ್ದ ಮರ ಅವನ ಮೇಲೆಯೇ ಬಿತ್ತು. ಮಕ್ಕಳಿರಲಿಲ್ಲ. ತೋರಿಬಿಯಾ ಮುಳ್ಳುಗೋಲು ಹಿಡಿದು ತಾನೇ ಗಾಡಿಯ ಮುಂದೆ ನಿಂತಳು. ಹೆಂಗಸು ಗಾಡಿ ಹೊಡೆಯುವುದನ್ನು ನೋಡಿ ಊರು ಒಂದಷ್ಟು ದಿನ ನಕ್ಕಿತು, ಆಮೇಲೆ ಬಾಯಿ ನೊಂದು ಸುಮ್ಮನಾಯಿತು. ಗಾಡಿ ಏರು ಹತ್ತುವಾಗ ಗಂಡ ಮಾತಾಡುತ್ತಾನೆ ಎಂದೇ ಅವಳ ನಂಬಿಕೆ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಪಾದ್ರಿಯ ಎದುರಿಗೇ, "ನೀವು ಓದೋ ಮಂತ್ರದಲ್ಲಿ ಅವನು ನಂಗೆ ಸಿಗಲ್ಲ ಫಾದರ್, ಏರಿನಲ್ಲಿ ಸಿಕ್ತಾನೆ," ಎಂದವಳು ಅವಳು.

ಅಂಥ ದಿನಗಳಲ್ಲಿ ಅರಸರ ಅಪ್ಪಣೆ ಬಂತು. ಕಸ್ತೀಲಿಯಾದ ರಾಣಿ, ಆರಗೋನಿನ ರಾಜ ಮದುವೆಯಾಗಿ ಎರಡು ಸೀಮೆಗಳೂ ಒಂದೇ ಮಾತಿಗೆ ತಲೆಬಾಗತೊಡಗಿದ್ದ ಕಾಲ. ದಕ್ಷಿಣದಲ್ಲಿ ಗ್ರನಾಡಾ ಸುಲ್ತಾನನ ಕೋಟೆಗಳ ಮೇಲೆ ಯುದ್ಧ. ಕೋಟೆ ಒಡೆಯುವ ತೋಪು ಸಾಗಿಸಲು ಗಾಡಿ ಬೇಕು, ಎತ್ತು ಬೇಕು. ಬೆರ್ಮೂದೊನ ತಮ್ಮ ಮಿಂಗೊ ಅಂಗಳಕ್ಕೆ ಬಂದು ನಿಂತ.

"ಅತ್ತಿಗೆ, ಗಾಡಿ ನಾನು ಹೊಡ್ಕೊಂಡು ಹೋಗ್ತೀನಿ. ನೀನು ಮನೇಲಿರು."

"ನಿನ್ನ ಕೈಗೆ ಕೊಟ್ರೆ ಎತ್ತು ವಾಪಸ್ ಬಂದಾವು, ಗಾಡಿ ಬರಲ್ಲ. ಕಳೆದ ಸಲ ಸಂತೆಗೆ ಹೋಗಿ ಒಂದು ಗಾಲಿಯಲ್ಲಿ ಬಂದ ಶೂರ ನೀನೇ ಅಲ್ವಾ?"

"ಅದು ಹಳ್ಳದ ತಪ್ಪು, ಅತ್ತಿಗೆ."

"ಹೌದಪ್ಪ, ಹಳ್ಳ ಎದ್ದು ಬಂದು ನಿನ್ನ ಗಾಲಿ ಕಿತ್ಕೊಂಡು ಹೋಯ್ತು. ಬಾ ಬೇಕಿದ್ರೆ, ಗಾಲಿಗೆ ಕಲ್ಲು ಕೊಡೋಕೆ ಒಂದಾಳು ಬೇಕು."

ಹೀಗೆ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ತೋರಿಬಿಯಾ ಬೆರಗಾಗುತ್ತಲೇ ಹೋದಳು. ಅವಳು ಚಿಕ್ಕವಳಿದ್ದಾಗ ಈ ದಾರಿಯಲ್ಲಿ ಸೇತುವೆಗೊಬ್ಬ ಪಾಳೇಗಾರ, ತಿರುವಿಗೊಬ್ಬ ಕಳ್ಳ, ಅವರಿಬ್ಬರಲ್ಲಿ ಯಾರು ಯಾರೆಂದು ದೇವರಿಗೇ ಗೊತ್ತು. ಅವಳ ಅಪ್ಪನ ಎತ್ತುಗಳನ್ನು ಒಬ್ಬ ಪಾಳೇಗಾರನ ಆಳುಗಳು ಹಾಡುಹಗಲೇ ಬಿಚ್ಚಿಕೊಂಡು ಹೋದಾಗ ಅಪ್ಪ ಖಾಲಿ ನೊಗ ಹೆಗಲ ಮೇಲೆ ಹೊತ್ತು ಮನೆಗೆ ಬಂದಿದ್ದ. ದೂರು ಕೊಡಲು ಯಾರೂ ಇರಲಿಲ್ಲ. ಈಗ ಅದೇ ಸೇತುವೆಗಳ ಮೇಲೆ "ಅರಸರ ಕೆಲಸ" ಎಂದು ಮಿಂಗೊ ಕೂಗಿದರೆ ಸಾಕು, ಸರಪಳಿ ಕೆಳಗೆ ಬೀಳುತ್ತಿತ್ತು. ಅದೇ ಪಾಳೇಗಾರನ ಮಗ ತಾನೇ ಕುದುರೆ ಪಕ್ಕಕ್ಕೆ ಸರಿಸಿ ಗಾಡಿಗೆ ದಾರಿ ಬಿಟ್ಟ. ತೋರಿಬಿಯಾ ತಿರುತಿರುಗಿ ನೋಡಿದಳು. "ಮಿಂಗೊ, ಅವನು ನಮಗೇನಾ ದಾರಿ ಬಿಟ್ಟಿದ್ದು?"

"ನಮಗಲ್ಲ ಅತ್ತಿಗೆ. ನಮ್ಮ ಹಿಂದೆ ಇರೋರಿಗೆ."

"ಹಿಂದೆ ಯಾರೂ ಇಲ್ವಲ್ಲೋ."

"ಅದೇ ಮತ್ತೆ," ಎಂದ ಮಿಂಗೊ.

ದಂಡಿನ ಬೀಡು ನೋಡಿದಾಗ ಅವಳು ಗಾಡಿ ನಿಲ್ಲಿಸಿಬಿಟ್ಟಳು. ಬಯಲು ತುಂಬ ಡೇರೆಗಳು, ಸಾಲು ಸಾಲು ರೊಟ್ಟಿ ಒಲೆಗಳು, ಗಾಯಗೊಂಡವರನ್ನು ಮಲಗಿಸಲೆಂದೇ ರಾಣಿ ಕಳಿಸಿದ ದೊಡ್ಡ ಗುಡಾರ. ಬಾಸ್ಕ್ ಸೀಮೆಯ ಕಬ್ಬಿಣದವರು, ಗಲೀಸಿಯಾದ ಅಗೆಯುವವರು, ಯಾವುದೋ ಜರ್ಮನ್ ಊರಿನ ಕೆಂಪು ಗಡ್ಡದ ತೋಪುಗಾರರು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಎಲ್ಲರೂ ಒಂದೇ ಕೆಲಸದಲ್ಲಿ. ಬಾವುಟದ ಮೇಲೆ ಅರಸರ ಗುರುತೆಂದು ನೊಗ ಬರೆದಿದ್ದನ್ನು ಕಂಡು ಅವಳ ಕಣ್ಣು ತುಂಬಿ ಬಂತು. "ನೋಡೋ, ನಮ್ಮ ನೊಗ!" ಎಂದಳು. ಹತ್ತಿರ ಹೋಗಿ ನೋಡಿ, "ಇದನ್ನ ಬರೆದೋನು ಜನ್ಮದಲ್ಲಿ ಎತ್ತು ಹೂಡಿಲ್ಲ. ಇದನ್ನ ಕಟ್ಟಿದ್ರೆ ಎತ್ತಿನ ಕೊಂಬೇ ಕಿತ್ತು ಬರುತ್ತೆ," ಎಂದೂ ಸೇರಿಸಿದಳು.

ದಂಡು ಮುತ್ತಿದ್ದ ಕೋಟೆ ಇದ್ದದ್ದು ಬೆಟ್ಟಗಳ ಮಡಿಲಿನಲ್ಲಿ. ಮುಂದಿನಿಂದ ಬಂದ ತೋಪು ಆಳವಾದ ಹಳ್ಳದ ಈಚೆಗೇ ನಿಲ್ಲಬೇಕು. ಹಿಂದಿನಿಂದ ಬರೋಣವೆಂದರೆ ಮೇಕೆಯೂ ಯೋಚನೆ ಮಾಡಿ ಕಾಲಿಡುವ ಕಡಿದಾದ ಬೆಟ್ಟ. ಕೋಟೆಯವರು ಗೋಡೆಯ ಮೇಲೆ ನಿಂತು ಅಣಕಿಸುತ್ತಿದ್ದರಂತೆ. ಅರಸರು ಬೆಟ್ಟಕ್ಕೇ ದಾರಿ ಕಡಿಯಿರಿ ಎಂದರು. ಅಷ್ಟೇ ಮಾತು. ಊರೂರುಗಳ ಗಂಡಸರು ಗುದ್ದಲಿ, ಹಾರೆ ಹಿಡಿದು ಬಂದು ಬಂಡೆ ಒಡೆದರು, ಕೊರಕಲುಗಳಿಗೆ ಮರ ಉರುಳಿಸಿ ಮೇಲೆ ಮಣ್ಣು ತುಂಬಿದರು. ತೋರಿಬಿಯಾ ಬರುವ ಹೊತ್ತಿಗೆ ದಾರಿ ಹಾವಿನಂತೆ ಸುತ್ತಿ ಸುತ್ತಿ ನೆತ್ತಿ ಮುಟ್ಟಿತ್ತು. ಅವಳು ಬಗ್ಗಿ ಹಸಿ ಮಣ್ಣಿನ ಮೇಲೆ ಅಂಗೈ ಇಟ್ಟಳು. ದೇವರು ದಾರಿ ಇಡದೆ ಬಿಟ್ಟ ಜಾಗ ಇದು, ಇಲ್ಲಿ ದಾರಿ ಇದೆ ಎಂದು ಅವಳ ಮೈ ಜುಮ್ಮೆಂದಿತು. ಎಲ್ಲೋ ಕೂತ ಇಬ್ಬರು ಆಡಿದ ಮಾತು ಇಲ್ಲಿ ಬಂಡೆಯನ್ನು ಸರಿಸುತ್ತದೆ ಎಂದರೆ ಅದೇನು ಸಾಮಾನ್ಯವೇ?

ತೋಪನ್ನು ಎರಡು ತುಂಡಾಗಿ ಬಿಚ್ಚಿ ಸಾಗಿಸಬೇಕು. ಮುಂದಿನ ಕೊಳವೆಗೆ ದಂಡಿನ ದೊಡ್ಡ ಬಂಡಿ ಇತ್ತು. ಮದ್ದು ತುಂಬುವ ಹಿಂದಿನ ಭಾಗವನ್ನು ತೋರಿಬಿಯಾಳ ಗಾಡಿಗೆ ಹೇರಿ, ಅವಳ ಎತ್ತುಗಳ ಮುಂದೆ ಬೇರೆ ಊರುಗಳ ಜೋಡಿಗಳನ್ನು ಹೂಡಿದರು. ಅಷ್ಟರಲ್ಲಿ ತೋಪುಗಳ ಮೇಲ್ವಿಚಾರಕ ಫಾದ್ರಿಕೆ ಒಂದು ಮಡಕೆ ಹಂದಿಕೊಬ್ಬು ಹಿಡಿಸಿಕೊಂಡು ಬಂದ. ಕುಳ್ಳಗಿನ, ನಿದ್ದೆಗೆಟ್ಟ ಮುಖದ ಮನುಷ್ಯ.

"ಅಮ್ಮಾ, ಅಚ್ಚಿಗೆ ಇದನ್ನ ಸವರು."

"ನನ್ನ ಗಾಡಿಗೆ ಬೇಡ ಧಣಿ."

"ಯಾಕೆ, ನಿನ್ನ ಗಾಡಿ ಉಪವಾಸ ಹಿಡಿದಿದೆಯಾ?"

ಗಾಡಿಯವರು ನಕ್ಕರು. ತೋರಿಬಿಯಾ ನಗಲಿಲ್ಲ. "ಮರ ಒಂದ್ಸಲ ಕೊಬ್ಬು ಕುಡೀತು ಅಂದ್ರೆ ಮುಗೀತು. ಮತ್ತೆ ಯಾವತ್ತೂ ಕೂಗಲ್ಲ."

"ಕೂಗಬಾರ್ದು ಅಂತ್ಲೇ ಹಚ್ಚೋದು ತಾಯಿ. ಮೇಲಿನ ತಿರುವುಗಳು ಕೋಟೆಗೆ ಎದುರಾಗೇ ಇವೆ. ಗುದ್ದಲಿ ಸದ್ದು ಕೇಳಿ ಅವರು ಏನೋ ಕಾಲುದಾರಿ ಅಂದ್ಕೊಂಡಿದಾರೆ. ಗಾಡಿ ಕೂಗು ಕೇಳಿಸ್ತೋ, ತೋಪು ಬರ್ತಿದೆ ಅಂತ ಗೊತ್ತಾಗುತ್ತೆ. ಮೇಲೆ ಬಂದು ಎತ್ತುಗಳ ಕಾಲು ಕಡಿದು ನಮ್ಮನ್ನ ಕೆಳಗೆ ಉರುಳಿಸ್ತಾರೆ. ನಾಳೆ ಮಂಜು ಬೀಳುತ್ತೆ. ಮಂಜು ಕಣ್ಣಿಗೆ ಮರೆ, ಕಿವಿಗೆ ನಾವೇ ಮರೆ ಮಾಡ್ಬೇಕು."

"ಬೇರೆ ಗಾಡಿ ತಗೊಳ್ಳಿ. ಇದರ ದನಿ ನನ್ನ ಗಂಡಂದು. ಅವನಿಲ್ಲ. ಇದೊಂದೇ ಇರೋದು."

ಗಾಡಿಯವರ ನಗು ನಿಂತಿತು. ಫಾದ್ರಿಕೆ ಬಯ್ಯುತ್ತಾನೆ ಎಂದುಕೊಂಡಿದ್ದರು ಎಲ್ಲರೂ. ಅವನು ಬಯ್ಯಲಿಲ್ಲ. ಗಾಡಿಯ ಮೇಲಿದ್ದ ತೋಪಿನ ಕಂಚನ್ನು ಮೆಲ್ಲಗೆ ತಟ್ಟಿದ.

"ನಮ್ಮೂರ ಚರ್ಚಿನ ಗಂಟೆ ಇದರಲ್ಲಿದೆ. ನನಗೆ ಹೆಸರಿಟ್ಟ ದಿನ ಬಾರಿಸಿದ ಗಂಟೆ, ನಮ್ಮಪ್ಪ ಹೋದ ದಿನವೂ ಅದೇ. ನಾನೇ ಇಳಿಸ್ದೆ, ನಾನೇ ಕರಗಿಸ್ದೆ. ನಮ್ಮಮ್ಮ ಇನ್ನೂ ನನ್ನ ಹತ್ರ ಮಾತಾಡಲ್ಲ." ಕಂಚಿನ ಮೇಲಿಂದ ಕೈ ತೆಗೆದು, "ಇರೋ ಗಾಡಿಗಳಿಗೆಲ್ಲ ಹೇರಾಗಿದೆ, ಬೇರೆ ಗಾಡಿ ಎಲ್ಲಿಂದ ತರ್ಲಿ ಹೇಳಮ್ಮ," ಎಂದ.

ತೋರಿಬಿಯಾ ಸುತ್ತ ನೋಡಿದಳು. ಕಡಿದ ಬೆಟ್ಟ, ಒಲೆಗಳ ಹೊಗೆ, ಗುದ್ದಲಿ ಹಿಡಿದು ದಾರಿ ಬದಿಯಲ್ಲೇ ಕುಸಿದು ನಿದ್ದೆ ಹೋದ ಜನ. ಎಲ್ಲರೂ ಏನಾದರೊಂದನ್ನು ತಂದು ಇದಕ್ಕೆ ಹಾಕಿದ್ದರು. ತಾನೊಬ್ಬಳೇ ಕೈ ಹಿಂದೆ ಕಟ್ಟಿ ನಿಂತಂತೆ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಮಡಕೆ ಕಿತ್ತುಕೊಂಡಳು. "ಬೇರೆ ಯಾರೂ ಮುಟ್ಟಕೂಡದು," ಎಂದು ಗಾಡಿಯ ಕೆಳಗೆ ನುಗ್ಗಿ ತಾನೇ ಸವರಿದಳು. ಬರಗಾಲದ ಬಾಯಿಯ ಹಾಗೆ ಮರ ಕೊಬ್ಬನ್ನು ಹೀರಿತು. ಹೊರಗೆ ಬಂದಾಗ ಅವಳ ಮುಖದ ಮೇಲೆ ಕೊಬ್ಬೋ ಕಣ್ಣೀರೋ ಎಂದು ಕೇಳುವ ಧೈರ್ಯ ಮಿಂಗೊನಿಗೂ ಬರಲಿಲ್ಲ.

ಮರುದಿನ ಬೆಳಗ್ಗೆ ಫಾದ್ರಿಕೆ ಹೇಳಿದ ಹಾಗೇ ಮಂಜು ಇಳಿಯಿತು. ಗಾಡಿಗಳು ಒಂದರ ಹಿಂದೊಂದು ಹೊರಟವು. ಎಷ್ಟು ಗಾಡಿ, ಎಷ್ಟು ಎತ್ತು, ಆದರೂ ಗೊರಸಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೆಳಗಿನ ತಿರುವುಗಳನ್ನು ಗಲಾನ್, ಕಸ್ತಾನೊ ಹೇಗೋ ಹತ್ತಿದವು. ಹೆಜ್ಜೆ ಸೇರುತ್ತಿರಲಿಲ್ಲ. ಒಂದು ಎಳೆದರೆ ಇನ್ನೊಂದು ನಿಲ್ಲುತ್ತಿತ್ತು. ಮೇಲೆ, ಕೋಟೆಗೆ ಎದುರಾದ ಕಡಿದಾದ ತಿರುವಿನಲ್ಲಿ ಎರಡೂ ನಿಂತೇಬಿಟ್ಟವು.

ತಿರುವಿನಲ್ಲಿ ಮುಂದಿನ ಜೋಡಿಗಳು ಆಗಲೇ ಆಚೆ ಬದಿಗೆ ಹೊರಳಿರುತ್ತವೆ, ಗಾಡಿಯನ್ನು ಅಡ್ಡಕ್ಕೆ ಎಳೆಯುತ್ತಿರುತ್ತವೆ. ಮೂಕಿಗೆ, ಎಂದರೆ ಗಾಡಿಯ ಮುಂಚಾಚಿದ ಮರಕ್ಕೆ, ಕಟ್ಟಿದ ಜೋಡಿ ನೇರಕ್ಕೆ ತಳ್ಳಿ ಹಿಡಿದರೆ ಮಾತ್ರ ಗಾಲಿ ದಾರಿಯ ಮೇಲೆ ಉಳಿಯುತ್ತದೆ. ಗಲಾನ್, ಕಸ್ತಾನೊ ತಳ್ಳಲಿಲ್ಲ. ಗಾಡಿ ಹಿಂದಕ್ಕೆ ಜಾರಿತು. ಹಿಂದೆ ಗಾಲಿಗೆ ಕಲ್ಲು ಕೊಡುತ್ತಿದ್ದ ಮಿಂಗೊ ಇಡೀ ಮೈಯನ್ನೇ ಕಲ್ಲಿನ ಮೇಲೆ ಚೆಲ್ಲಿ, ಉಸಿರು ಬಿಗಿಹಿಡಿದು ಪಿಸುಗುಟ್ಟಿದ, "ಅತ್ತಿಗೆ, ಕಲ್ಲು ಜಾರ್ತಿದೆ."

ಅವನ ಕೆಳಗಿನ ತಿರುವಿನಲ್ಲಿ ಮತ್ತೆ ಗಾಡಿಗಳು, ಮತ್ತೆ ಜನ. ತೋರಿಬಿಯಾ ಮುಳ್ಳುಗೋಲಿನಿಂದ ತಿವಿದಳು. ಬೇಡಿಕೊಂಡಳು. ಎತ್ತುಗಳ ಮೈ ನಡುಗುತ್ತಿತ್ತು, ಕಾಲು ಮಾತ್ರ ಕೀಳಲೊಲ್ಲವು. ಆಗ ಅವುಗಳ ಕಿವಿ ನೋಡಿದಳು. ಎರಡರ ಕಿವಿಯೂ ಹಿಂದಕ್ಕೆ, ಅಚ್ಚಿನ ಕಡೆಗೆ ತಿರುಗಿತ್ತು. ತನ್ನ ಹಾಗೆಯೇ ಅವೂ ಅವನನ್ನು ಕಾಯುತ್ತಿದ್ದವು.

ಅವಳು ಮುಳ್ಳುಗೋಲು ಬಿಸಾಕಿ ಎತ್ತುಗಳ ಮುಂದೆ ಬಂದು, ಅವುಗಳ ಕಡೆ ಮುಖ ಮಾಡಿ ನಿಂತಳು. ಬಾಯಿ ತೆರೆದಳು. ಮೊದಲು ಗಂಟಲ ತಳದಿಂದ ಒಂದು ಗೊಣಗು. ಆಮೇಲೆ ಅದನ್ನು ಮೆಲ್ಲಗೆ ಏರಿಸಿದಳು, ಇನ್ನೂ ಏರಿಸಿದಳು, ಗಂಟಲು ಹರಿಯುವವರೆಗೆ ಏರಿಸಿ ಅಲ್ಲೇ ಎಳೆದು ಹಿಡಿದಳು. ಗಲಾನ್ ತಲೆ ಎತ್ತಿತು. ಕಸ್ತಾನೊ ಒಂದು ಹೆಜ್ಜೆ ಇಟ್ಟಿತು. ಎರಡೂ ಕತ್ತು ಬಗ್ಗಿಸಿ, ಊರಿನ ಏರಿನಲ್ಲಿ ತಳ್ಳುತ್ತಿದ್ದ ಹಾಗೆಯೇ ತಳ್ಳಿದವು.

ಮಂಜಿನೊಳಗಿಂದ ಫಾದ್ರಿಕೆ ಓಡಿಬಂದು ಅವಳ ತೋಳು ಹಿಡಿದೆಳೆದ. "ಬಾಯಿ ಮುಚ್ಚೇ! ಎಲ್ಲರನ್ನೂ ಸಾಯಿಸ್ತೀಯಾ?"

"ಅವಳು ಬಾಯಿ ಮುಚ್ಚಿದ್ರೆ ಮೊದಲು ಸಾಯೋನು ನಾನು ಧಣಿ!" ಎಂದ ಮಿಂಗೊ ಗಾಡಿಯ ಹಿಂದಿನಿಂದ. ಅಂಥ ಹೊತ್ತಿನಲ್ಲೂ ಅವನಿಗೆ ನಾಲಗೆ ಇತ್ತು.

ಫಾದ್ರಿಕೆ ಬಗ್ಗಿ ನೋಡಿದ. ಗಾಲಿಯ ಅರ್ಧ ದಾರಿಯ ಅಂಚು ದಾಟಿ ಗಾಳಿಯಲ್ಲಿತ್ತು. ಅವನು ಕೋಟೆಯ ಕಡೆ ಕಿವಿಗೊಟ್ಟ. ಅಲ್ಲಿಂದ ಏನೂ ಕೇಳಲಿಲ್ಲ. ಟೊಪ್ಪಿ ತೆಗೆದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ಹಾಡು," ಎಂದ.

ತೋರಿಬಿಯಾ ಹಿಮ್ಮುಖವಾಗಿ ನಡೆಯುತ್ತ ಹಾಡಿದಳು. ಹಾಡು ಎನ್ನುವುದಕ್ಕೆ ಅದರಲ್ಲಿ ಪದವಿಲ್ಲ, ರಾಗವಿಲ್ಲ. ಕೆಳಗಿನ ತಿರುವುಗಳಲ್ಲಿ ಮೊಂಡು ಹಿಡಿದಿದ್ದ ಬಡಗಣ ಸೀಮೆಯ ಎತ್ತುಗಳೆಲ್ಲ ಆ ದನಿ ಕೇಳಿ ಕದಲಿದವು ಎಂದು ಮಿಂಗೊ ಆಣೆ ಮಾಡಿ ಹೇಳುತ್ತಿದ್ದ. ಕೋಟೆಯಿಂದ ಒಬ್ಬನೂ ಹೊರಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೆ ಗಾಡಿ ನೆತ್ತಿ ಮುಟ್ಟಿತು. ತೋರಿಬಿಯಾ ಎತ್ತುಗಳ ನಡುವೆ ಕುಸಿದು ಕೂತು ನೀರು ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಆ ದಿನದ ನಂತರ ಅವಳ ದನಿ ಪಿಸುಮಾತಿನ ಆಚೆಗೆ ಹೋಗಲೇ ಇಲ್ಲ.

ತೋಪುಗಳನ್ನು ಜೋಡಿಸಿ ನಿಲ್ಲಿಸಿದ ಮೇಲೆ ಒಂದು ಬೆಳಗ್ಗೆ ಮಂಜು ಕರಗಿತು. ಅವಳು ಬಂಡೆಯ ಅಂಚಿನಿಂದ ಕೆಳಗೆ ನೋಡಿದಳು. ಕೋಟೆ ಅಂಗೈ ಮೇಲೆ ಇಟ್ಟಂತೆ ಕಾಣುತ್ತಿತ್ತು. ಅಂಗಳ, ಬಾವಿ, ಒಣಹಾಕಿದ ಬಟ್ಟೆ. ಗೋಡೆಯ ಮೇಲಿನ ಗಂಡಸರು ಎಂದಿನಂತೆ ಬಯಲಿನ ಕಡೆ ಅಣಕಿಸಲು ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹಿಂದಿರುಗಿ ತಲೆ ಎತ್ತಿದರು. ಎತ್ತಿದ ತಲೆ ಇಳಿಸಲಿಲ್ಲ. ಕೈಯಲ್ಲಿದ್ದ ಕೊಡ ಹಾಗೇ ಹಿಡಿದು ಒಬ್ಬಳು ಹೆಂಗಸು ಬಾವಿಕಟ್ಟೆಯಲ್ಲಿ ನಿಂತೇ ಇದ್ದಳು. ಆಮೇಲೆ ಜರ್ಮನ್ ತೋಪುಗಾರ ಬೆಂಕಿ ಮುಟ್ಟಿಸಿದ. ನೆಲ ಅದುರಿ ತೋರಿಬಿಯಾಳ ಹಲ್ಲಿಗೆ ಹಲ್ಲು ಬಡಿಯಿತು. ಅವಳ ತಾತನ ತಾತನ ಕಾಲದಿಂದ ನಿಂತಿದ್ದ ಬುರುಜು, ಹಿಟ್ಟಿನ ಚೀಲ ಬಿಚ್ಚಿಕೊಂಡಂತೆ ಮೆತ್ತಗೆ ಕೂತುಬಿಟ್ಟಿತು. ಅವಳು ಮೊಣಕಾಲೂರಿದಳು. ಯಾರಿಗೆಂದು ಅವಳಿಗೇ ತಿಳಿಯದು. ಇಷ್ಟು ದೊಡ್ಡದೊಂದು ಭೂಮಿಯ ಮೇಲೆ ಎದ್ದು ನಿಂತಿದೆ, ಅದರ ನೊಗದ ಒಂದು ತುದಿಗೆ ತನ್ನ ಹೆಗಲೂ ಇದೆ ಎಂದು ಎದೆ ಉಬ್ಬಿತು, ಅದೇ ಉಸಿರಿನಲ್ಲಿ ಭಯವೂ ಆಯಿತು.

ಆಮೇಲೆ ಅವಳು ಬಹಳ ವರ್ಷ ಬದುಕಿದಳು. ಇನ್ನೂ ಎಷ್ಟೋ ಕೋಟೆಗಳ ಕೆಳಗೆ ಗಾಡಿ ಹೊಡೆದಳು, ಗ್ರನಾಡಾ ಬಿದ್ದದ್ದನ್ನೂ ಕಂಡಳು, ಅರಸರ ಹಡಗುಗಳು ಹೆಸರಿಲ್ಲದ ಕಡಲುಗಳ ಆಚೆ ಹೋದ ಸುದ್ದಿ ಕೇಳಿ, "ಹೋಗದೆ ಏನು ಮಾಡ್ತಾವೆ? ಬೆಟ್ಟಾನೇ ಬಿಡಲಿಲ್ಲ," ಎಂದಳು. ಚಳಿಗಾಲದಲ್ಲಿ ಬೆಳ್ಳುಳ್ಳಿ ಸಾರಿನ ಬಟ್ಟಲು ಹಿಡಿದು ಅವಳು ಪಿಸುದನಿಯಲ್ಲಿ ಬೆಟ್ಟದ ಕಥೆ ಹೇಳುವಾಗ ಊರಿನವರು ಕೇಳಿಸಿಕೊಳ್ಳಲೆಂದು ಒಲೆಯ ಸುತ್ತ ಒತ್ತೊತ್ತಾಗಿ ಕೂರುತ್ತಿದ್ದರು. ಒಂದು ತುಣುಕನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಮಿಂಗೊ ಅಲ್ಲೇ ಪಕ್ಕದಲ್ಲಿದ್ದ, ಹಾಗಾಗಿ ನಮಗೆ ಗೊತ್ತು.

ಕೋಟೆ ಶರಣಾದ ದಿನದ ಮಾತು. ಒಳಗಿದ್ದವರು ಹೊರಲಾದಷ್ಟನ್ನು ಹೊತ್ತುಕೊಂಡು ಗ್ರನಾಡಾದ ಕಡೆ ಹೋಗಬಹುದೆಂದು ಅಪ್ಪಣೆಯಾಗಿತ್ತು. ದಾರಿ ಬದಿಯಲ್ಲಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ತೋರಿಬಿಯಾಳ ಬಳಿ ಒಬ್ಬ ಮುದುಕಿ ಗಂಟು ಇಳಿಸಿ ನಿಂತಳು. ಗಡಿಯಲ್ಲೇ ಹುಟ್ಟಿ ಬೆಳೆದವಳು, ನಮ್ಮ ಮಾತು ಚೆನ್ನಾಗಿಯೇ ಬರುತ್ತಿತ್ತು. ತೋರಿಬಿಯಾ ನೀರಿನ ಬಟ್ಟಲು ಕೊಟ್ಟಳು. ಮುದುಕಿ ಕುಡಿದು ಬಾಯಿ ಒರೆಸಿಕೊಂಡಳು.

"ನೀನು ಆ ಬೆಟ್ಟದ ಮೇಲಿದ್ಯೇನವ್ವ?"

ತೋರಿಬಿಯಾ ಹೌದೆಂದು ತಲೆಯಾಡಿಸಿದಳು.

"ಮಂಜು ಬಿದ್ದ ದಿನ ಮೇಲೆ ಒಬ್ಬ ಹೆಣ್ಣುಮಗಳು ಅಳ್ತಿದ್ಲು. ನನ್ನ ಆಯುಸ್ಸಲ್ಲಿ ಅಂಥ ಅಳು ಕೇಳಿಲ್ಲ. ನಮ್ಮ ಕಾವಲಿನವರು ಹೋಗಿ ನೋಡ್ಕೊಂಡು ಬರ್ತೀವಿ ಅಂತ ಕತ್ತಿ ಕಟ್ಟಿದ್ರು. ನಾನೇ ಬಾಗಿಲಿಗೆ ಅಡ್ಡ ನಿಂತೆ. ಯಾವಳೋ ಪಾಪ, ಯಾರನ್ನೋ ಕಳ್ಕೊಂಡವಳು, ಅವಳ ಪಾಡಿಗೆ ಅಳ್ಲಿ ಬಿಡ್ರೋ, ಅಂಥೋಳ ಹತ್ರ ಕತ್ತಿ ಹಿಡ್ಕೊಂಡು ಹೋಗೋದಾ ಅಂತ ಬೈದು ವಾಪಸ್ ಕಳಿಸ್ದೆ." ಮುದುಕಿ ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. "ಅವಳು ಯಾರು ಅಂತ ಗೊತ್ತಾ ನಿಂಗೆ? ಅವಳೋರು ಯಾರು ತೀರ್ಕೊಂಡಿದ್ರು?"

ತೋರಿಬಿಯಾಳ ತುಟಿ ಎರಡು ಸಲ ಅಲುಗಿತು.

"ಗಂಡ," ಎಂದಳು.

"ಅಯ್ಯೋ," ಎಂದಳು ಮುದುಕಿ. "ಸಿಕ್ಕಿದ್ರೆ ಹೇಳು, ಕೆಳಗಿನೋಳು ಒಬ್ಬಳು ಅವಳಿಗಾಗಿ ಪ್ರಾರ್ಥನೆ ಮಾಡಿದ್ಲು ಅಂತ." ಬಟ್ಟಲನ್ನು ತೋರಿಬಿಯಾಳ ಕೈಗೆ ವಾಪಸು ಕೊಟ್ಟು, ಹೋಗುತ್ತಿದ್ದವರ ಸಾಲಿನಲ್ಲಿ ಸೇರಿಕೊಂಡಳು.